ಒಂದು ಪಾಠಕ್ಕೆ ಹಲವು ಶಿಕ್ಷಕರು

ಅರಸೀಕೆರೆ: ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಾಮಾನ್ಯವಾಗಿ ಭೌತವಿಜ್ಞಾನ ಹಾಗೂ ಗಣಿತಕ್ಕೆ ಪಿಸಿಎಂ ಶಿಕ್ಷಕರು, ರಸಾಯನ ಹಾಗೂ ಜೀವವಿಜ್ಞಾನಕ್ಕೆ ಸಿಬಿಝಡ್ ಶಿಕ್ಷಕರು ಇರುತ್ತಾರೆ. ಸಾಂದ್ರತೆಯ ಪಾಠ ಮಕ್ಕಳಿಗೆ ಏಕೆ ಅರ್ಥವಾಗಲಿಲ್ಲವೆಂದು ಚರ್ಚಿಸಲು ಅದೇ ವಿಷಯದ ಮತ್ತೊಬ್ಬರು ಸಣ್ಣ ಶಾಲೆಗಳಲ್ಲಿ ಸಿಗುವುದು ಅಪರೂಪ. ಸಾಮೂಹಿಕ ಪಾಠ ಯೋಜನೆಯ ಅಗತ್ಯ ಇರುವುದು ಇಲ್ಲಿಯೇ.

ಜಪಾನಿನಲ್ಲಿ ಇದು ಹಳೆಯ ಪದ್ಧತಿ. ಶಿಕ್ಷಕರು ಕೂಡಿ ಪಾಠ ರೂಪಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ಮಕ್ಕಳನ್ನು ಗಮನಿಸುತ್ತಾರೆ. ಬಳಿಕ ಪಾಠವನ್ನು ತಿದ್ದುತ್ತಾರೆ. ಕರ್ನಾಟಕದಲ್ಲಿ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯು ಪ್ರೌಢಶಾಲಾ ಶಿಕ್ಷಕರಿಗೆ ಬೋಧನಾ ಸಂಪನ್ಮೂಲ ಹಂಚಿಕೊಳ್ಳುವ ಹಾದಿ ತೆರೆಯಿತು. ಆದರೆ ತರಗತಿಯ ವೀಕ್ಷಣೆ ತಪ್ಪಿದರೆ ಎಂತಹ ಯೋಜನೆಯೂ ಕಡತ ಸೇರುತ್ತದೆ.

ಪಾಠೋಪಕರಣಕ್ಕೆ ಈ ಭಾಗದಲ್ಲಿ ಕೊರತೆಯಿಲ್ಲ. ಅರಸೀಕೆರೆಯ ಸಿಪ್ಪೆ ಸಹಿತ ತೆಂಗಿನಕಾಯಿ ನೀರಿನಲ್ಲಿ ತೇಲುತ್ತದೆ. ಬೇಲೂರು, ಹಳೇಬೀಡಿನ ಹೊಯ್ಸಳ ದೇಗುಲಗಳಿಗೆ ಬಳಸಿದಂತಹ ಬಳಪದ ಕಲ್ಲಿನ ಸಣ್ಣ ಚೂರು, ಕಾಯಿಗಿಂತ ಎಷ್ಟೋ ಹಗುರವಾಗಿದ್ದರೂ ಮುಳುಗುತ್ತದೆ. ಭಾರವಾದುದೇ ಮುಳುಗುವುದೆಂಬ ಮಕ್ಕಳ ತಪ್ಪು ಕಲ್ಪನೆ ಅಲ್ಲಿಯೇ ಹೊರಬೀಳುತ್ತದೆ. ಯಾವ ಮಗು ಮೊದಲು ಏನು ಊಹಿಸಿತು, ಯಾರು ಸುಮ್ಮನೆ ಪಕ್ಕದವರ ಉತ್ತರ ಬರೆದುಕೊಂಡರು ಎಂಬುದನ್ನು ಬೋಧಿಸುತ್ತಿರುವವರು ಒಬ್ಬರೇ ಗುರುತಿಸುವುದು ಕಷ್ಟ. ಹಿಂದಿನ ಬೆಂಚಿನಲ್ಲಿ ಕುಳಿತ ನೆರೆಶಾಲೆಯ ಇಬ್ಬರು ಶಿಕ್ಷಕರಿಗೆ ಅದು ಸಾಧ್ಯ. ಅದಕ್ಕಾಗಿ ಅವರಿಗೆ ಅರ್ಧ ದಿನದ ಬಿಡುವನ್ನು ಇಲಾಖೆಯೇ ಕೊಡಬೇಕಾಗುತ್ತದೆ.