ಸಮುದ್ರದಲ್ಲೊಂದು ಜಲಪಾತ

ಜಲಪಾತ ನದಿಗೆ ಸೇರಿದ್ದೆಂದು ನಾವು ಕಲಿತಿದ್ದೇವೆ. ಆದರೆ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಕಾನೆಲ್ ಎಂಬಲ್ಲಿ, 1903ರ ಉಕ್ಕಿನ ಸೇತುವೆಯ ಕೆಳಗೆ ಸಮುದ್ರದ ನೀರೇ ಧುಮುಕುತ್ತದೆ! ಇದು 'ಫಾಲ್ಸ್ ಆಫ್ ಲೋರಾ'. ಇಲ್ಲಿಂದ ಒಳನಾಡಿಗೆ ಸುಮಾರು 30 ಕಿಲೋಮೀಟರ್ ಚಾಚಿರುವ ಕಡಲ ತೋಳೇ ಲಾಕ್ ಎಟಿವ್. ತುತ್ತತುದಿಯನ್ನು ಬಿಟ್ಟರೆ ಅದರ ಮೇಲ್ಭಾಗದ ದಡಗಳಲ್ಲಿ ಸಾರ್ವಜನಿಕ ರಸ್ತೆಯಿಲ್ಲ. ಆ ನಿರ್ಜನ ನೀರಿಗೆ ಸಮುದ್ರದ ಕಡೆಯಿಂದ ಕಯಾಕ್‌ನಲ್ಲಿ, ಅಂದರೆ ಎರಡು ಅಲಗಿನ ಹುಟ್ಟಿನಿಂದ ಸಾಗುವ ಕಿರಿದಾದ ದೋಣಿಯಲ್ಲಿ, ಹೋಗುವವರು ಮೊದಲು ಈ ಸೇತುವೆಯ ಲೆಕ್ಕ ಬಿಡಿಸಬೇಕು.

ಲಾಕ್ ಎಟಿವ್ ಒಂದು ಫಿಯೋರ್ಡ್. ಹಿಮಯುಗದಲ್ಲಿ ಹಿಮನದಿಯು ಕಣಿವೆಯನ್ನು ಆಳವಾಗಿ ಕೊರೆಯಿತು. ಒಳಗೆ 100 ಮೀಟರಿಗೂ ಮೀರಿದ ಆಳವಿದೆ. ಬಾಯಿಯಲ್ಲಿ ಮಾತ್ರ ಬಂಡೆಯ ಹೊಸ್ತಿಲು ಉಳಿದುಕೊಂಡಿತು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಹೊರಗಿನ ಕಡಲು ಸುಮಾರು ಆರು ಗಂಟೆಗಳಲ್ಲಿ 3 ಮೀಟರಿಗೂ ಹೆಚ್ಚು ಇಳಿಯುತ್ತದೆ. ಇಕ್ಕಟ್ಟಾದ ಬಾಯಿಯಿಂದ ಒಳಗಿನ ನೀರು ಅಷ್ಟು ಬೇಗ ಹೊರಹೋಗಲಾರದು. ಹೀಗಾಗಿ ಒಳಮಟ್ಟ ಎತ್ತರದಲ್ಲೇ ಉಳಿದು, ನೀರು ಹೊಸ್ತಿಲ ಮೇಲಿಂದ ಧುಮುಕುತ್ತದೆ.

ಅದರ ವೇಗವೆಷ್ಟು? ವೇಗದ ವರ್ಗ = 2 × ಗುರುತ್ವ ವೇಗೋತ್ಕರ್ಷ × ಮಟ್ಟಗಳ ಅಂತರ. ಅಂತರ 1 ಮೀಟರ್ ಎಂದುಕೊಂಡರೆ ವೇಗ ಸೆಕೆಂಡಿಗೆ 4.4 ಮೀಟರ್, ಅಂದರೆ ಗಂಟೆಗೆ ಸುಮಾರು 16 ಕಿಲೋಮೀಟರ್. ಘರ್ಷಣೆ ಇದನ್ನು ತುಸು ತಗ್ಗಿಸುತ್ತದೆ, ನಿಜ. ಆದರೆ ಕಯಾಕ್ ಸವಾರ ದೀರ್ಘಕಾಲ ಸಾಗಬಲ್ಲ ವೇಗ ಗಂಟೆಗೆ ಸುಮಾರು 6 ಕಿಲೋಮೀಟರ್ ಮಾತ್ರ!

ಇನ್ನೊಂದು ತೊಡಕಿದೆ. ಹತ್ತಿರದ ಓಬನ್ ಬಂದರಿನಲ್ಲಿ ಕಡಲು ಪೂರ್ತಿ ಇಳಿದ ಸಮಯದಲ್ಲಿ ಇಲ್ಲಿ ಹರಿವು ನಿಂತಿರುತ್ತದೆಂದು ಭಾವಿಸಿದರೆ ಅಪಾಯ. ಹೊರಗಿನ ಮಟ್ಟ ಮತ್ತೆ ಏರಿ ಒಳಮಟ್ಟವನ್ನು ಮುಟ್ಟುವವರೆಗೂ ನೀರು ಹೊರಕ್ಕೇ ಹರಿಯುತ್ತದೆ. ತರಗತಿಯಲ್ಲಿ ನೀವೇ ಇದನ್ನು ತೋರಿಸಬಹುದು. ಹಳೆಯ ಪ್ಲಾಸ್ಟಿಕ್ ಮಗ್ಗಿನ ಬದಿಗೆ, ತಳದ ಹತ್ತಿರ, ಸಣ್ಣ ತೂತು ಕೊರೆದು ಬಕೆಟ್ಟಿನ ನೀರಿನಲ್ಲಿ ಹಿಡಿಯಿರಿ. ಒಳಗೂ ಹೊರಗೂ ಮಟ್ಟ ಸಮನಾದ ಮೇಲೆ ಮಗ್ಗನ್ನು ತುಸು ಎತ್ತಿ, ಕೂಡಲೇ ನಿಧಾನವಾಗಿ ಕೆಳಕ್ಕೆ ಒತ್ತಿ. ಒತ್ತತೊಡಗಿದ ಮೇಲೂ ಸ್ವಲ್ಪ ಹೊತ್ತು ನೀರು ಹೊರಗೇ ಬರುವುದನ್ನು ಮಕ್ಕಳು ಕಾಣುವರು.

ದೋಣಿ ಮಗುಚಿದರೆ ಚಳಿಯೇ ಮೊದಲ ಶತ್ರು. ಚಳಿಗಾಲದ ಕೊನೆಗೆ ಇಲ್ಲಿನ ಕಡಲು ಸುಮಾರು 7 ಡಿಗ್ರಿ ಸೆಲ್ಸಿಯಸ್. ಬಿಸಿಲೇರಿದ ಮೇ ತಿಂಗಳಲ್ಲೂ ಹೆಚ್ಚೇನೂ ಬೆಚ್ಚಗಿರದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಉಷ್ಣವನ್ನು ವಹಿಸುತ್ತದೆ. ಆದುದರಿಂದಲೇ ನೀರು ಒಳನುಗ್ಗದ ಉಡುಪು ತೊಡುತ್ತಾರೆ.

ಹೊಸ್ತಿಲು ದಾಟಿ ಮೇಲಕ್ಕೆ ಸಾಗಿದರೆ ದೋಣಿಯಡಿಯಲ್ಲಿ ಬೇರೊಂದು ಲೋಕ. ನದಿಗಳು ತಂದ ಸಿಹಿನೀರು ಹಗುರವಾದ್ದರಿಂದ ಮೇಲೆ ತೇಲುತ್ತದೆ. ತಳದ ಉಪ್ಪುನೀರು ಹೊಸ್ತಿಲುಗಳ ಹಿಂದೆ ಸಿಕ್ಕಿಬಿದ್ದು, ಇನ್ನೂ ಸಾಂದ್ರವಾದ ಕಡಲನೀರು ಒಳಬಂದು ತಳ್ಳುವವರೆಗೆ ಅಲ್ಲೇ ತಂಗುತ್ತದೆ. ಅಷ್ಟರಲ್ಲಿ ಅದರಲ್ಲಿನ ಆಕ್ಸಿಜನ್ ಕರಗುತ್ತಾ ಬಂದಿರುತ್ತದೆ.