ಬಾಡಿಗೆ ರೂಮಿನ ಅಡ್ವಾನ್ಸ್: ಆದಾಯವಲ್ಲ, ವಾಪಸ್ ಕೊಡಬೇಕಾದ ಹಣ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಸುತ್ತಿನ ಹಳ್ಳಿಗಳಲ್ಲಿ ರಾಗಿ ಹೊಲದ ಪಕ್ಕದಲ್ಲೇ ಬಾಡಿಗೆ ರೂಮುಗಳು ಎದ್ದಿವೆ. ವರ್ತೂರು, ಸರ್ಜಾಪುರ, ಆನೇಕಲ್, ನೆಲಮಂಗಲ ಕಡೆಯ ಎಷ್ಟೋ ರೈತ ಕುಟುಂಬಗಳಿಗೆ ಈಗ ಬಾಡಿಗೆಯೂ ಒಂದು ಬೆಳೆ ಇದ್ದಂಗೆ. ಆದರೆ ಬಾಡಿಗೆ ಬೇರೆ, ಅಡ್ವಾನ್ಸ್ ಬೇರೆ.

ಲೆಕ್ಕ ಹಾಕಿ ನೋಡಿ. ನಾಲ್ಕು ರೂಮು, ಒಂದೊಂದಕ್ಕೆ ತಿಂಗಳಿಗೆ 8,000 ರೂಪಾಯಿ ಬಾಡಿಗೆ. ಬೆಂಗಳೂರಿನ ಹಳೇ ರೂಢಿಯಂತೆ 10 ತಿಂಗಳ ಅಡ್ವಾನ್ಸ್ ತಗೊಂಡರೆ 3,20,000 ರೂಪಾಯಿ ಕೈಗೆ ಬರುತ್ತೆ. ಅದರಲ್ಲಿ ಬೋರ್‌ವೆಲ್ ಕೊರೆಸಿದಿರಿ, ನೀರು ಬೀಳಲಿಲ್ಲ. ಅದೇ ತಿಂಗಳು ಇಬ್ಬರು ಖಾಲಿ ಮಾಡ್ತೀವಿ ಅಂದರೆ 1,60,000 ಎಲ್ಲಿಂದ ತರ್ತೀರಿ? ಕೈಸಾಲವೇ ಗತಿ. 2020ರ ಲಾಕ್‌ಡೌನ್‌ನಲ್ಲಿ ನೌಕರರು ಊರಿಗೆ ಹೊರಟಾಗ ರೂಮು, ಪಿಜಿಗಳು ಒಟ್ಟೊಟ್ಟಿಗೆ ಖಾಲಿಯಾದದ್ದು ನೆನಪಿರಲಿ.

ಹಾಗಾಗಿ ಎರಡು ಮೂರು ತಿಂಗಳ ಅಡ್ವಾನ್ಸ್ ಸಾಕು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯೂ ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನೇ ಸೂಚಿಸಿದೆ. ಅದು ಮಾದರಿ ಮಾತ್ರ. ರಾಜ್ಯಗಳು ಕಾಯ್ದೆ ಮಾಡಿಕೊಂಡರಷ್ಟೇ ಜಾರಿ. ಬಂದ ಹಣವನ್ನ ಬೇರೆ ಖಾತೆಯಲ್ಲಿಡಿ. ಬಿತ್ತನೆ ಬೀಜ, ಗೊಬ್ಬರದ ಖರ್ಚಿಗೆ ಅದನ್ನ ಮುಟ್ಟಬೇಡಿ. ಪೇಂಟಿಂಗ್‌ಗೆ ಎಷ್ಟು ಹಿಡಿಯೋದು, ಖಾಲಿ ಮಾಡೋಕೆ ಎಷ್ಟು ದಿನ ಮೊದಲು ಹೇಳಬೇಕು, ಹಣ ಯಾವಾಗ ವಾಪಸ್ ಅನ್ನೋದೆಲ್ಲ ಕರಾರು ಪತ್ರದಲ್ಲಿ ಬರೆಸಿ.

ತೋಟದಲ್ಲಿ ವಾರಾಂತ್ಯದ ತಂಗುವಿಕೆ ನಡೆಸೋರಿಗೆ ಇನ್ನೊಂದು ಮಾತು. ಮಾವಿನ ತೋಪು ಗುತ್ತಿಗೆ ಕೊಡುವಾಗ ಮುಂಗಡ ಇಲ್ಲದೆ ಕಾಯಿ ಕೀಳೋಕೆ ಬಿಡ್ತೀವಾ? ಇಲ್ಲೂ ಹಾಗೇ. ಅರ್ಧ ಹಣ ಬಂದ ಮೇಲೇ ಬುಕಿಂಗ್ ಖಾತ್ರಿ ಮಾಡಿ. ಎಷ್ಟು ದಿನ ಮೊದಲು ರದ್ದು ಮಾಡಿದರೆ ಎಷ್ಟು ವಾಪಸ್ ಅಂತ ವಾಟ್ಸಾಪ್‌ನಲ್ಲೇ ಬರೆದು, ಅವರಿಂದ "ಒಪ್ಪಿಗೆ" ಅನ್ನಿಸಿಕೊಳ್ಳಿ. ಆದರೆ ಮನಸ್ಸಿಗೆ ಬಂದಷ್ಟು ಮುರಿದುಕೊಳ್ಳುವಂತಿಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗೋದು ನ್ಯಾಯವಾದ ಪರಿಹಾರ ಮಾತ್ರ. ತಂದಿಟ್ಟ ತರಕಾರಿ, ಕೋಳಿ, ಆಳಿನ ಕೂಲಿ ಎಲ್ಲದರ ಲೆಕ್ಕ ಇಟ್ಟಿರಿ.

ಕಂಪನಿಯವರು ನೌಕರರಿಗಾಗಿ ರೂಮು ಹಿಡಿದು ಚೆಕ್ ಕೊಟ್ಟರೆ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಲೇಬೇಕು. ಆಮೇಲೆ ಹಣ ಕಟ್ಟೋಕೆ ಅವರಿಗೆ 15 ದಿನ ಇರುತ್ತೆ.

ಕೊನೇದಾಗಿ, ಮೋಸದ ವಿಚಾರ. "ನಾನು ಮಿಲಿಟರಿಯವನು, ಬೆಂಗಳೂರಿಗೆ ವರ್ಗ ಆಗಿದೆ, ಅಡ್ವಾನ್ಸ್ ಈಗಲೇ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂತ ರೂಮನ್ನೂ ನೋಡದೆ ಫೋನಿನಲ್ಲೇ ಅವಸರ ಮಾಡಿದರೆ ಫೋನ್ ಇಟ್ಟುಬಿಡಿ. ಹಣ ಪಡೆಯೋಕೆ ಯುಪಿಐ ಪಿನ್ ಬೇಕಾಗೋದೇ ಇಲ್ಲ. ಪಿನ್ ಒತ್ತಿದಿರೋ, ನಿಮ್ಮ ಖಾತೆಯಿಂದಲೇ ಹಣ ಹೋಗುತ್ತೆ. ಹೋದದ್ದು ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ಹಣ ಕೈತಪ್ಪುತ್ತೆ.

ಈ ವಾರ ಒಂದು ಕೆಲಸ ಮಾಡಿ. ನೀವು ತಗೊಂಡಿರೋ ಅಡ್ವಾನ್ಸ್ ಒಟ್ಟು ಎಷ್ಟು, ಅದರಲ್ಲಿ ಈಗ ಕೈಯಲ್ಲಿ ಎಷ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಕಡಿಮೆ ಬಿದ್ದದ್ದೆಲ್ಲ ನಿಮ್ಮ ಸಾಲ.