ಬೆಳೆ ಹಬ್ಬದ ಏಲಂ: ಕೂಗಿದ್ದನ್ನು ಕಟ್ಟಬೇಕು

ಸಿಎಸ್‌ಐ ಸಭೆಗಳಲ್ಲಿ ಬೆಳೆ ಹಬ್ಬ ಅಂದ್ರೆ ಸಾಮಾನ್ಯವಾಗಿ ಏಲಂ ಇದ್ದೇ ಇರುತ್ತದೆ. ಸಭೆಯವರು ತಂದ ಬಾಳೆಗೊನೆ, ತೆಂಗಿನಕಾಯಿ, ತರಕಾರಿಗಳನ್ನು ಆರಾಧನೆ ಮುಗಿದ ಮೇಲೆ ಏಲಂ ಹಾಕುತ್ತಾರೆ. ಒಂದು ಕುಂಬಳಕಾಯಿಗೂ ಪೇಟೆ ದರದ ಹಲವು ಪಟ್ಟು ಕೂಗುವವರಿದ್ದಾರೆ. ಆ ಹೆಚ್ಚಿನ ಹಣ ದೇವರಿಗೆ ಕಾಣಿಕೆ.

ಆದ್ರೆ ಎಲ್ಲರೆದುರು ಕೂಗಿ, ಆಮೇಲೆ ಕಟ್ಟದಿದ್ದರೆ?

ಬೈಬಲ್‌ನ ಅಪೊಸ್ತಲರ ಕೃತ್ಯಗಳು 5ನೇ ಅಧ್ಯಾಯದಲ್ಲಿ ಅನನೀಯ, ಸಪ್ಫೈರ ದಂಪತಿ ಜಮೀನು ಮಾರಿದ ಹಣದಲ್ಲಿ ಪಾಲು ಇಟ್ಟುಕೊಂಡು, ಪೂರ್ತಿ ಕೊಟ್ಟಂತೆ ತೋರಿಸಿಕೊಂಡರು. ಹಣ ಅವರದೇ, ಇಟ್ಟುಕೊಂಡಿದ್ದು ತಪ್ಪಲ್ಲ. ಸುಳ್ಳು ಹೇಳಿದ್ದು ತಪ್ಪು.

ಮಾರ್ಕ 12ರಲ್ಲಿ ಬಡ ವಿಧವೆ ಹಾಕಿದ್ದು ಎರಡೇ ಕಾಸು. ಯೇಸು ಮೆಚ್ಚಿದ್ದು ಅದನ್ನೇ. ಹಾಗಾಗಿ ಕಡಿಮೆ ಕೂಗಿದರೆ ನಾಚಿಕೆಯಿಲ್ಲ. ಕೂಗಿದ ಮೇಲೆ ಬಾಕಿ ಇಡಬಾರದು, ಅಷ್ಟೇ.